ಸಹಾಯ ಬೇಕು: ಕುಡಿತ ಬಿಟ್ಟವರು ಸೇರುವ ಗುಂಪು ಹತ್ತಿರದಲ್ಲಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಕುಡಿತ ಬಿಟ್ಟು ಇವತ್ತಿಗೆ 23 ದಿನ. ಮೊದಲ ವಾರ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದ, ಅಷ್ಟು ನಡುಕ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಅದಕ್ಕೇ ಡಾಕ್ಟರನ್ನು ಕೇಳಿಕೊಂಡೇ ಬಿಡಿಸಿದೆವು. ಈಗ ನಡುಕ ನಿಂತಿದೆ. ಆದರೆ ಸಂಜೆ ಏಳಾದರೆ ಸಾಕು, ಚಪ್ಪಲಿ ಹಾಕುತ್ತಾನೆ, ಬಿಚ್ಚುತ್ತಾನೆ, ಮತ್ತೆ ಹಾಕುತ್ತಾನೆ. ಬಾಗಿಲ ಹತ್ತಿರ ಸುಮ್ನೆ ನಿಂತಿರುತ್ತಾನೆ. ನೋಡೋಕಾಗಲ್ಲ.

ನಾವು ಏನು ಹೇಳಿದರೂ ಅವನಿಗೆ ಬುದ್ಧಿಮಾತು ಅನ್ನಿಸುತ್ತದೆ. ಕುಡಿದು ಬಿಟ್ಟವರೇ ಹೇಳಿದರೆ ಆ ಮಾತೇ ಬೇರೆ, ಅಲ್ವಾ? ಕುಡಿತ ಬಿಟ್ಟವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಗುಂಪು 1935ರಿಂದ ನಡೆಯುತ್ತಿದೆ. ಶುಲ್ಕ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಕುಡಿತ ಬಿಡುವ ಆಸೆ ಇದ್ದರೆ ಸಾಕು. ನಮ್ಮ ಸುತ್ತಮುತ್ತ ಸಂಜೆ ಹೊತ್ತು ಮೀಟಿಂಗ್ ಎಲ್ಲಿ ನಡೆಯುತ್ತದೆ ಅಂತ ಗೊತ್ತಿದ್ದರೆ ಹೇಳಿ. ಮನೆಯವರೂ ಕೂರಬಹುದಾದ ಓಪನ್ ಮೀಟಿಂಗ್ ಆದರೆ ಒಳ್ಳೆಯದು. ಒಬ್ಬನೇ ಹೋಗಲು ಅವನಿಗೆ ನಾಚಿಕೆ, ನಾನೂ ಜೊತೆಗೆ ಹೋಗುತ್ತೇನೆ.

ಅತ್ತಿಗೆಯೂ ತುಂಬಾ ಸೊರಗಿದ್ದಾರೆ. ಕುಡಿಯುವವರ ಮನೆಯವರಿಗಾಗಿ ಇರುವ ಅಲ್-ಅನಾನ್ ಗುಂಪು ಹತ್ತಿರದಲ್ಲಿದ್ದರೆ ಅದನ್ನೂ ತಿಳಿಸಿ.

ಹೋಗಿ ಬಂದವರು ದಯವಿಟ್ಟು ನನಗೊಂದು ಮೆಸೇಜ್ ಹಾಕಿ. ನಿಮ್ಮ ಹೆಸರು ಎಲ್ಲೂ ಹೇಳುವುದಿಲ್ಲ.