ಮಿಸ್ಸಿಂಗ್ ಹೊಡೀತಿರೋ ಗಾಡೀಲಿ ಸಕಲೇಶಪುರದಿಂದ ಮಂಗಳೂರಿಗೆ ಹೋಗಬಹುದಾ?

ಕಾಫಿಬೇಲಿ:
ಎಲ್ಲರಿಗೂ ನಮಸ್ಕಾರ. ನನ್ನದು ಬಿಎಸ್6 ಪೆಟ್ರೋಲ್ ಕಾರು, 4 ಸಿಲಿಂಡರ್, 62,000 ಕಿ.ಮೀ ಓಡಿದೆ. ಭಾನುವಾರ ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ, ಬಾನೆಟ್ ಎತ್ತಿ ಎಂಜಿನ್‌ಗೂ ಪ್ರೆಶರ್ ಪೈಪ್ ಹಿಡಿದಿದ್ದಾರೆ. ಮಾರನೇ ದಿನದಿಂದ ಐಡ್ಲಿಂಗ್‌ನಲ್ಲಿ ಸ್ಟೇರಿಂಗ್ ನಡುಗ್ತಿದೆ, ಏರಿನಲ್ಲಿ ಪಿಕಪ್ ಇಲ್ಲ. ಎಂಜಿನ್ ಲೈಟು ಏರು ಬಂದಾಗ ಮಿಣುಕುತ್ತೆ, ಸಪಾಟಾದ ರಸ್ತೇಲಿ ಸುಮ್ಮನೆ ಉರಿಯುತ್ತೆ. ಸ್ಕ್ಯಾನರ್‌ನಲ್ಲಿ ಪಿ0302 ಬಂತು, ಅಂದ್ರೆ ಎರಡನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ (ಮಿಸ್ಸಿಂಗ್). ಹೀಗೇ 60 ಕಿ.ಮೀ ಓಡಿಸಿಬಿಟ್ಟಿದ್ದೀನಿ. ಗುರುವಾರ ಅತ್ತೆಯವರನ್ನ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಇಲ್ಲಿನ ಮೆಕ್ಯಾನಿಕ್ "ಒಂದು ಸಿಲಿಂಡರ್ ತಾನೇ, ಮೂರರಲ್ಲಿ ಓಡುತ್ತೆ ಬಿಡಿ, ಬಂದ ಮೇಲೆ ನೋಡೋಣ" ಅಂತಾನೆ. ಬೇರೆ ಪಾರ್ಟ್‌ಗೇನಾದ್ರೂ ಪೆಟ್ಟು ಬೀಳುತ್ತಾ?

ಗ್ರೀಸ್‌ಕೈ:
ಓಡುತ್ತೆ ಅನ್ನೋದು ಸುಳ್ಳಲ್ಲ ಸರ್. ಆದರೆ ಎರಡನೇ ಸಿಲಿಂಡರ್‌ಗೆ ಪೆಟ್ರೋಲ್ ಹೋಗ್ತಾನೇ ಇದೆ, ಕಿಡಿ ಮಾತ್ರ ಇಲ್ಲ. ಆ ಹಸಿ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಡಬ್ಬಿ) ಒಳಗೆ ಉರಿಯುತ್ತೆ. ಎಂಜಿನ್‌ನಲ್ಲಿ ಆಗಬೇಕಾದ ಕೆಲಸ ಅಲ್ಲಿ ಆಗ್ತಿದೆ. ಒಳಗಿರೋದು ಜೇನುಗೂಡಿನ ಥರದ ಸೆರಾಮಿಕ್, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಶಾಖ ವಿಪರೀತವಾದರೆ ಮೊದಲು ಆ ಲೇಪ ಸಾಯುತ್ತೆ, ಆಮೇಲೆ ಗೂಡೇ ಕರಗಿ ದಾರಿ ಮುಚ್ಚುತ್ತೆ. ಪ್ಲಗ್‌ಗೆ ಕಿಡಿ ಕೊಡೋ ಕಾಯಿಲ್ ಬೆಲೆ ಎಲ್ಲಿ, ಕನ್ವರ್ಟರ್ ಬೆಲೆ ಎಲ್ಲಿ!

ಲೈಟು ಮಿಣುಕೋದರ ಅರ್ಥವೇ ಅದು: "ಈಗ ಕನ್ವರ್ಟರ್ ಸುಡ್ತಿದೆ, ಕಾಲು ತೆಗಿ." ಸುಮ್ಮನೆ ಉರಿದರೆ ನಿಧಾನಕ್ಕೆ ಗ್ಯಾರೇಜ್ ತನಕ ಹೋಗಬಹುದು. ಮಿಣುಕಿದರೆ ಹೋಗಬಾರದು. ಇನ್ನೊಂದು, ಈಗ ಕೊಯ್ಲು ಕಾಲ, ಒಣ ತರಗೆಲೆ ಮೇಲೆ ಗಾಡಿ ನಿಲ್ಲಿಸಲೇಬೇಡಿ, ಕನ್ವರ್ಟರ್ ಕಾವಿಗೆ ಹೊತ್ತಿಕೊಳ್ಳುತ್ತೆ.

ಆಯಿಲ್ ಅಳೆಯೋ ಡಿಪ್‌ಸ್ಟಿಕ್ ತೆಗೆದು ಮೂಸಿ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದಿರುತ್ತೆ. ಪೆಟ್ರೋಲ್ ವಾಸನೆ ಬಂದರೆ ಕಾಯಿಲೆ ವಾಸಿಯಾದ ಮೇಲೆ ಆಯಿಲ್ಲೂ ಬದಲಾಯಿಸಿ.

ಕುಡ್ಲ ಪಿಸ್ಟನ್:
ಮಾರಾಯ್ರೇ, ಎರಡನೇ ಇಂಜೆಕ್ಟರ್‌ನ ಕನೆಕ್ಟರ್ ಕಿತ್ತು ಬನ್ನಿ. ಪೆಟ್ರೋಲೇ ಬೀಳದಿದ್ದರೆ ಸುಡುವುದೆಂತ? ಶಿರಾಡಿಯಲ್ಲಿ ಹೇಗೂ ಇಳಿಜಾರು.

ಗ್ರೀಸ್‌ಕೈ:
ಗ್ಯಾರೇಜ್‌ವರೆಗೆ ಸರಿ. 130 ಕಿ.ಮೀಗೆ ನಾನು ಒಪ್ಪಲ್ಲ. ಇಂಜೆಕ್ಟರ್ ಕಿತ್ತರೂ ಆ ಸಿಲಿಂಡರ್ ಗಾಳಿ ಎಳೆದು ಹಾಗೇ ಹೊರಗೆ ದಬ್ಬುತ್ತೆ. ಆಕ್ಸಿಜನ್ ಸೆನ್ಸರ್‌ಗೆ ಆ ಗಾಳಿ ಸಿಕ್ಕಿದ್ದೇ ತಡ, ಪೆಟ್ರೋಲ್ ಕಮ್ಮಿಯಾಯ್ತು ಅಂತ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರ್‌ಗೆ) ಚಾಡಿ ಹೇಳುತ್ತೆ. ಅದು ಉಳಿದ ಮೂರಕ್ಕೆ ಜಾಸ್ತಿ ಕುಡಿಸುತ್ತೆ. ಹೆಚ್ಚಾದ ಪೆಟ್ರೋಲೂ ಈ ಗಾಳಿಯೂ ಮತ್ತೆ ಕನ್ವರ್ಟರ್‌ನಲ್ಲೇ ಸೇರ್ತವೆ. ಇಳಿಯುವಾಗ ಬಚಾವಾದರೂ, ವಾಪಸ್ ಘಾಟಿ ಹತ್ತಬೇಕಲ್ಲ?

ಕಾಫಿಬೇಲಿಯವರೇ, ನೀರಿಂದ ಶುರುವಾದ ಕಥೆ ಅಂದ ಮೇಲೆ ನನಗೆ ಅನುಮಾನ ಕಾಯಿಲ್ ಕೆಳಗಿನ ರಬ್ಬರ್ ಬೂಟ್ ಮೇಲೆ. ಎಂಜಿನ್ ಆಫ್ ಮಾಡಿ, ಆರಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ. 2ನೇ ಕಾಯಿಲ್ ತೆಗೆದು 3ಕ್ಕೆ ಹಾಕಿ, 3ರದ್ದು ಇಲ್ಲಿಗೆ. ಪ್ಲಗ್ ಮುಟ್ಟಬೇಡಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಳ್ಳ ಅಂತ ಗೊತ್ತಾಗಲ್ಲ. ಕೋಡ್ ಅಳಿಸಿ ಎರಡೇ ನಿಮಿಷ ಸ್ಟಾರ್ಟ್ ಮಾಡಿ ನೋಡಿ. ಪಿ0303 (ಮೂರನೇ ಸಿಲಿಂಡರ್ ಮಿಸ್ಸಿಂಗ್) ಬಂದರೆ ಕಾಯಿಲ್ ಅಥವಾ ಬೂಟು. ಪಿ0302ವೇ ಉಳಿದರೆ ಪ್ಲಗ್, ಅಲ್ಲದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ). ಎಂಜಿನ್ ಓಡ್ತಿರುವಾಗ ಕಾಯಿಲ್ ಕೀಳೋ ಹಳೇ ಚಾಳಿ ಬೇಡ, ಶಾಕ್ ಹೊಡೆಯುತ್ತೆ.

ಕಾಫಿಬೇಲಿ:
ಪಿ0303 ಬಂತು! ಬೂಟ್ ಬಿಚ್ಚಿ ನೋಡಿದರೆ ಒಳಗೆ ಕೂದಲೆಳೆಯಷ್ಟು ಸೀಳು, ಪಕ್ಕದಲ್ಲೇ ಬಿಳೀ ಗೆರೆ. ಪ್ಲಗ್ ಗುಂಡಿಯಲ್ಲಿ ಇನ್ನೂ ನೀರಿತ್ತು. ಡಿಪ್‌ಸ್ಟಿಕ್‌ನಲ್ಲಿ ಲೈಟಾಗಿ ಪೆಟ್ರೋಲ್ ವಾಸನೆ. ಅತ್ತೆಯವರನ್ನ ಬಾಡಿಗೆ ಕಾರಲ್ಲಿ ಕಳಿಸಿದ್ದಾಯ್ತು, "ಅಳಿಯಂದಿರ ಕಾರು ಶೋಕಿಗೆ" ಅಂತ ಒಂದು ಮಾತೂ ಬಿತ್ತು.

ಕುಡ್ಲ ಪಿಸ್ಟನ್:
ಆ ಬಿಳೀ ಗೆರೆ ಕಿಡಿ ಹಾರಿದ ದಾರಿ. ಪ್ಲಗ್ ತುದಿಗೆ ಹೋಗುವ ಬದಲು ಸೀಳಿನಿಂದ ಎಂಜಿನ್ ಬಾಡಿಗೆ ಹಾರಿದೆ. ಪ್ಲಗ್‌ನ ಪಿಂಗಾಣಿ ಮೇಲೂ ಗೆರೆ ಇದ್ದರೆ ಅದನ್ನೂ ಬಿಸಾಡಿ. ಇಲ್ಲದಿದ್ದರೆ ಹೊಸ ಬೂಟ್ ಕೂಡ ಸುಡ್ತದೆ.

ಕಾಫಿಬೇಲಿ:
(12 ದಿನ ಬಿಟ್ಟು) ಕಾಯಿಲ್, ನಾಲ್ಕೂ ಪ್ಲಗ್, ಆಯಿಲ್ ಎಲ್ಲಾ ಹೊಸದು. ನಡುಕ ಹೋಯ್ತು, ಪಿಕಪ್ ಬಂತು. ಆದರೆ ನಿನ್ನೆ ಲೈಟು ಮತ್ತೆ ಹತ್ತಿದೆ, ಈ ಸಲ ಪಿ0420. ಆ 60 ಕಿ.ಮೀ ಫಲಾನಾ ಇದು?

ಗ್ರೀಸ್‌ಕೈ:
ಕನ್ವರ್ಟರ್ ಸೋತಿದೆ ಅನ್ನೋ ಕೋಡ್ ಅದು. ಆದ್ರೂ ತಕ್ಷಣ ಹೊಸದು ತರಬೇಡಿ. ಸೈಲೆನ್ಸರ್ ಜಾಯಿಂಟಲ್ಲಿ ಗಾಳಿ ಸೋರಿದರೂ, ಕನ್ವರ್ಟರ್ ಹಿಂದಿರೋ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಇದೇ ಕೋಡ್ ಬರುತ್ತೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹಿಂದಿನ ಸೆನ್ಸರ್‌ನ ಗ್ರಾಫ್ ತೆಗೆದು ಹಾಕಿ. ಗೆರೆ ನಿಂತ ನೀರಿನ ಹಾಗಿದ್ದರೆ ಕನ್ವರ್ಟರ್ ಬದುಕಿದೆ. ಮುಂದಿನದರ ಥರಾನೇ ಕುಣೀತಿದ್ದರೆ ಖರ್ಚಿಗೆ ಸಿದ್ಧರಾಗಿ. ಆರಿದ ಮೇಲೆ ಕೆಳಗಿಂದ ಕೈಯಲ್ಲಿ ತಟ್ಟಿಯೂ ನೋಡಿ, ಗಲಗಲ ಅಂದರೆ ಒಳಗಿನ ಗೂಡು ಒಡೆದಿದೆ.