ಯೆಜ್ಡಿ ರೋಡ್‌ಕಿಂಗ್ ಸಿಲಿಂಡರ್: ಬರೀ ರಿಂಗ್ ಸಾಕೇ, ಬೋರಿಂಗ್ ಬೇಕೇ, ಸ್ಲೀವ್ ಹಾಕಿಸಬೇಕೇ?

ಪ್ರಶ್ನೆ:
ಗಾಡಿ ರೋಡ್‌ಕಿಂಗ್ 250 ಟೂ-ಸ್ಟ್ರೋಕ್ ಬೈಕ್, ಎರಕದ ಕಬ್ಬಿಣದ ಸಿಲಿಂಡರ್, ಸ್ಟ್ಯಾಂಡರ್ಡ್ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ. ಪಿಸ್ಟನ್ ತಲೆಯ ಮೇಲೆ 50 ಅಂತ ಗುರುತಿದೆ, ಅಂದರೆ ಆಗಲೇ 0.50 ಓವರ್‌ಸೈಜ್, ಹಿಂದೊಮ್ಮೆ 65.50ಕ್ಕೆ ಕೊರೆಸಿದ್ದಾರೆ. ಬೋರ್ ಗೇಜ್ ಅಳತೆ: ಮೇಲೆ ರಿಂಗ್ ಹಿಂತಿರುಗುವ ಜಾಗದಲ್ಲಿ ಹಿಂದೆ-ಮುಂದೆ 65.58, ಎಡ-ಬಲ 65.52, ತೀರ ಕೆಳಗೆ 65.51. ಎಕ್ಸಾಸ್ಟ್ ಕಡೆ ಉದ್ದಕ್ಕೆ ಒಂದು ಗೀರು, ಉಗುರು ತಡೆಯುತ್ತದೆ. ಹೊಸ ರಿಂಗ್ ಹಾಕಿ ಹೋನ್ ಮಾಡಿಸಿದರೆ (ಕಲ್ಲಿನಿಂದ ಒಳಮೈ ಉಜ್ಜಿಸಿದರೆ) ಓಡುತ್ತದಾ ಸರ್?

ಉತ್ತರ 1:
ಓಡುತ್ತದೆ, ಬಾಳುವುದಿಲ್ಲ. ಮೇಲಿಗೂ ಕೆಳಗೂ 0.07 ವ್ಯತ್ಯಾಸ. ಬೋರ್ ಎಷ್ಟು ಹಿಗ್ಗುತ್ತದೋ ಅದರ 3.14 ಪಟ್ಟು ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ತೆರೆಯುತ್ತದೆ. ಹಾಗಾಗಿ ನಿಮ್ಮ ರಿಂಗ್ ಪ್ರತಿ ಸ್ಟ್ರೋಕಿಗೂ ಸುಮಾರು 0.22 ಮಿ.ಮೀ. ಬಿಚ್ಚಿ ಮುಚ್ಚುತ್ತಿರುತ್ತದೆ. ಮೇಲೆ ಕಂಪ್ರೆಶನ್ ಸೋರುತ್ತದೆ, ಸ್ವಲ್ಪ ದಿನಕ್ಕೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡೂ ಸಡಿಲವಾಗುತ್ತದೆ. ಹೋನಿಂಗ್ ಬರೀ ಮೈ ಒರಟು ಮಾಡುತ್ತದೆ, ಮೊಟ್ಟೆಯಾಕಾರವನ್ನು ಸರಿ ಮಾಡುವುದಿಲ್ಲ.

0.75ಕ್ಕೆ ಬೋರ್ ಮಾಡಿಸಿ. 65.75ಕ್ಕೆ ಕೊರೆದರೆ ಅತಿ ಸವೆದ ಕಡೆಯೂ ಬದಿಗೆ 0.085 ಸಿಗುತ್ತದೆ, ಗೀರು ಹೋಗಬೇಕು.

ಉತ್ತರ 2:
ಆ ಲೆಕ್ಕ ತಪ್ಪು. ಸವೆತ ಎರಡೂ ಬದಿಗೆ ಸಮನಾಗಿ ಹಂಚಿರುವುದಿಲ್ಲ. ಮೂಲ 65.50ರಿಂದ 65.58ಕ್ಕೆ ಆದ 0.08 ಪೂರ್ತಿ ಎಕ್ಸಾಸ್ಟ್ ಗೋಡೆಯಲ್ಲೇ ಇದ್ದರೆ, ಮೂಲ ನಡುಗೆರೆಯ ಮೇಲೆ ಕೊರೆದಾಗ ಅಲ್ಲಿ ಉಳಿಯುವುದು ಬರೀ 0.045. ಗೀರು ಅದಕ್ಕಿಂತ ಆಳವಾಗಿದ್ದರೆ 0.75ಕ್ಕೆ ಹೋಗುವುದಿಲ್ಲ.

ಮೊದಲು ಅದು ಗೀರೋ, ಮೆತ್ತಿದ ಅಲ್ಯೂಮಿನಿಯಮ್ಮೋ ನೋಡಿ. ಕಾಸ್ಟಿಕ್ ಸೋಡಾ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ ಒತ್ತಿ. ಗುಳ್ಳೆ ಬಂದರೆ ಪಿಸ್ಟನ್ನಿನ ಲೋಹ. ಕಬ್ಬಿಣಕ್ಕೆ ಏನೂ ಆಗದು. ಕೈಗವಸು, ಕನ್ನಡಕ ಕಡ್ಡಾಯ. ಹೆಡ್ಡಿಗೆ, ಪಿಸ್ಟನ್ನಿಗೆ ತಾಗಿಸಬೇಡಿ, ಕರಗಿಹೋಗುತ್ತದೆ.

ಆಮೇಲೆ ಬೋರಿಂಗ್‌ನವರಿಗೆ 65.70ಕ್ಕೆ ನಿಲ್ಲಿಸಲು ಹೇಳಿ. ಗೀರು ಮಾಸಿದ್ದರೆ 0.75, ಇನ್ನೂ ಎದ್ದು ಕಂಡರೆ 1.00. ಪಿಸ್ಟನ್ ತರುವುದು ಆಗ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಸಿಗುವ ಬದಲಿ ಪಿಸ್ಟನ್‌ಗಳಲ್ಲಿ ತಲೆಯ ಮೇಲಿನ ಸಂಖ್ಯೆ ನಂಬುವಂತಿಲ್ಲ. ಮೈಕ್ರೋಮೀಟರ್‌ನಲ್ಲಿ ಸ್ಕರ್ಟ್‌ನ (ಪಿಸ್ಟನ್ನಿನ ಕೆಳಗಿನ ಗೋಡೆಯ) ಕೆಳಭಾಗ, ಪಿಸ್ಟನ್ ಪಿನ್ನಿಗೆ ಅಡ್ಡಲಾಗಿ ಅಳೆದು ಅದಕ್ಕೆ ಕ್ಲಿಯರೆನ್ಸ್ (ಪಿಸ್ಟನ್-ಬೋರ್ ನಡುವಿನ ಸಂದು) 0.07 ಸೇರಿಸಿ, ಆ ಅಳತೆಗೆ ಹೋನ್ ಮಾಡಿ ಮುಗಿಸಲಿ. ಪಿಸ್ಟನ್ ಜೊತೆ ಬೇರೆ ಕ್ಲಿಯರೆನ್ಸ್ ಬರೆದುಕೊಟ್ಟಿದ್ದರೆ ಅದೇ ಅಂತಿಮ. ಕೊರೆಯುವಾಗ ಸಿಲಿಂಡರನ್ನು ಬೇಸ್ ಫ್ಲ್ಯಾಂಜ್ (ಬುಡದ ಚಪ್ಪಟೆ ಅಂಚು) ಆಧಾರದಲ್ಲಿ ಕೂರಿಸಬೇಕು. ಸವೆದ ಮೇಲ್ಭಾಗ ನೋಡಿ ಸೆಂಟರ್ ಹಿಡಿದರೆ ಬೋರ್ ಓರೆಯಾಗುತ್ತದೆ.

ಪ್ರಶ್ನೆ:
ಒಂದೇ ಸಲ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿ ಸ್ಟ್ಯಾಂಡರ್ಡ್‌ಗೆ ತಂದರೆ ಒಳ್ಳೆಯದಲ್ಲವೇ?

ಉತ್ತರ 2:
ಈಗಲೇ ಬೇಡ. ಟೂ-ಸ್ಟ್ರೋಕ್ ಸ್ಲೀವ್‌ನಲ್ಲಿ ಮಿಶ್ರಣ, ಹೊಗೆ ಹಾಯುವ ಪೋರ್ಟ್ ಕಿಂಡಿಗಳನ್ನೂ ಕತ್ತರಿಸಬೇಕು. ಹಳೇ ಕಿಂಡಿಗೆ ಅರ್ಧ ಮಿ.ಮೀ. ತಪ್ಪಿದರೂ ಪೋರ್ಟ್ ಟೈಮಿಂಗ್ ಕೆಡುತ್ತದೆ, ಅಂಚು ಮೆಟ್ಟಿಲಾಗುತ್ತದೆ. ಸ್ಲೀವ್ ಸಡಿಲವಾಗಿ ಕೂತರೆ ಶಾಖ ಸಿಲಿಂಡರಿನ ಹೊರಗಿನ ಫಿನ್ನಿಗೆ ದಾಟದೆ ಪಿಸ್ಟನ್ ಹಿಡಿದುಕೊಂಡು ನಿಲ್ಲುತ್ತದೆ. 1.00 ಕೂಡ ಮುಗಿದ ಸಿಲಿಂಡರಿಗೆ ಆ ದಾರಿ.

ಉತ್ತರ 1:
ಲೆಕ್ಕ ಒಪ್ಪಿದೆ. ಎರಡು ಮಾತು ಸೇರಿಸುತ್ತೇನೆ. ಬೋರಿಂಗ್ ಆದ ಮೇಲೆ ಪೋರ್ಟ್ ಅಂಚು ಬ್ಲೇಡಿನಂತಿರುತ್ತದೆ. ಸಣ್ಣ ಎಣ್ಣೆಕಲ್ಲಿನಿಂದ ಸುತ್ತಲೂ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ರಿಂಗ್ ಗ್ಯಾಪ್ 0.25ರ ಆಸುಪಾಸು, ತುದಿಗಳು ತೋಡಿನ ಪಿನ್ನಿನ ಎರಡೂ ಬದಿಗೆ ಸರಿಯಾಗಿ ಕೂತಿವೆಯೇ ನೋಡಿಯೇ ಸಿಲಿಂಡರ್ ಇಳಿಸಿ. ತೊಳೆಯುವುದು ಬಿಸಿನೀರು, ಸೋಪಿನಲ್ಲಿ. ಹೋನಿಂಗ್ ಪುಡಿಯನ್ನು ಪೆಟ್ರೋಲ್ ಎತ್ತುವುದಿಲ್ಲ. ಬಿಳಿ ಬಟ್ಟೆ ಬೂದು ಬಣ್ಣವಾಗುವುದು ನಿಲ್ಲುವವರೆಗೆ ಒರೆಸಿ, ತಕ್ಷಣ ಎಣ್ಣೆ ಸವರಿ, ಇಲ್ಲದಿದ್ದರೆ ನೋಡನೋಡುತ್ತಲೇ ತುಕ್ಕು.

ಗೀರು ಯಾಕೆ ಬಿತ್ತು ಅನ್ನುವುದನ್ನೂ ಹುಡುಕಿ. ಕ್ರ್ಯಾಂಕ್ ಆಯಿಲ್ ಸೀಲ್ ಎರಡನ್ನೂ ಬದಲಿಸಿ. ಕ್ಲಚ್ ಬದಿಯದು ಹೋದರೆ ಎಣ್ಣೆ ಹೀರಿ ಹೊಗೆ ಕಾರುತ್ತದೆ. ಇನ್ನೊಂದು ಬದಿಯದು ಹೋದರೆ ಗಾಳಿ ಹೀರಿ ಮಿಶ್ರಣ ತೆಳುವಾಗಿ ಹೊಸ ಪಿಸ್ಟನ್ನೂ ಹಿಡಿಯುತ್ತದೆ. ರನ್ನಿಂಗ್-ಇನ್‌ಗೆ (ಹೊಸ ಪಿಸ್ಟನ್ ಹೊಂದಿಕೊಳ್ಳುವ ಮೊದಲ ಓಟಕ್ಕೆ) ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ-ಟಿ (ಟೂ-ಸ್ಟ್ರೋಕ್) ಎಣ್ಣೆ. ಭಯಕ್ಕೆ ಅದಕ್ಕಿಂತ ಸುರಿಯಬೇಡಿ: ಎಣ್ಣೆ ಹೆಚ್ಚಿದಷ್ಟು ಜೆಟ್‌ನಲ್ಲಿ ಪೆಟ್ರೋಲ್ ಕಡಿಮೆ ಹೋಗಿ ಮಿಶ್ರಣ ಮತ್ತೆ ತೆಳುವಾಗುತ್ತದೆ.