ಸಹಾಯ ಬೇಕು: ಠಾಣೆಯ ಸಿಸಿಟಿವಿ ದೃಶ್ಯ ಅಳಿಸಿ ಹೋಗೋ ಮೊದಲು

ಕಲಬುರಗಿ, ಯಾದಗಿರಿ ಕಡೆ ಕ್ರಿಮಿನಲ್ ಕೇಸು ನಡೆಸೋ ವಕೀಲರು ಯಾರರೆ ಇದ್ದರ ದಯವಿಟ್ಟು ಹೇಳ್ರಿ. ಠಾಣೆಯೊಳಗ ಕೂಲಿಕಾರ ಹುಡುಗನ್ನ ಹೊಡೆದಾರ, ಎಫ್‌ಐಆರ್ ಮಾತ್ರ ಆಗಿಲ್ಲ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 173(4)ರಂತೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ದೂರು ಹೋಗಿದೆ. ರಸೀದಿ, ಆಸ್ಪತ್ರೆಯ ಎಂಎಲ್‌ಸಿ (ಗಾಯದ ಕಾನೂನು ದಾಖಲೆ) ನಕಲು ಎರಡೂ ಇವೆ.

ಮುಂದಿನ ಹೆಜ್ಜೆ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ ಸಮೇತ ಅರ್ಜಿ. ಅಲ್ಲಿ ಅದೇ ಕಾನೂನಿನ 175(4) ಅಡ್ಡ ಬರ್ತದ: ಆರೋಪಿ ಸರ್ಕಾರಿ ನೌಕರ, ಕೃತ್ಯ ಕರ್ತವ್ಯದ ವೇಳೆ ನಡೆದದ್ದು ಅಂದರ ಮೇಲಧಿಕಾರಿಯ ವರದಿ ಬರಬೇಕು. ಬಡವನ ಮೇಲೆ ದೂರು ಬಂದಾಗ ಈ ರಕ್ಷಣೆ ಇಲ್ಲ! ಲಾಕಪ್ಪಿನಲ್ಲಿ ಹೊಡೆಯೋದು ಕರ್ತವ್ಯವೇ ಅಲ್ಲ ಅಂತ ವಾದಿಸಿದ ಅರ್ಜಿಯ ಮಾದರಿ ಬೇಕು.

ಅದಕ್ಕಿಂತ ಅವಸರದ್ದು ದೃಶ್ಯ. 18 ತಿಂಗಳು, ಕಡಿಮೆಯೆಂದರೆ 1 ವರ್ಷ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ. ಆದರೂ ‘ಕ್ಯಾಮೆರಾ ಕೆಟ್ಟಿತ್ತು’ ಅಂತಾರ. ದಿನಾಂಕ, ಗಂಟೆ, ಕ್ಯಾಮೆರಾ ಇರೋ ಜಾಗ ಬರೆದು ಕಾಯ್ದಿಡುವಂತೆ ಕೇಳೋ ಪತ್ರ ಯಾರ ಹತ್ರ ಇದೆ?